ಗಾಳಿಮರದ ತುದಿ

ನುಂಗಂಬಾಕ್ಕಂ, ಮದ್ರಾಸು
10 ಡಿಸೆಂಬರ್ 1978, ಆದಿತ್ಯವಾರ

ಪ್ರೀತಿಯ ಯಜಮಾನರಿಗೆ,

ನಿಮ್ಮ ವಿನೋದಾ ಮಾಡುವ ವಂದನೆಗಳು. ನಾನೂ ಊರ್ಮಿಳಾಳೂ ಚೆನ್ನಾಗಿದ್ದೇವೆ. ನಿಮ್ಮ ಹಡಗು ಯಾವ ಸಮುದ್ರದಲ್ಲಿದೆಯೋ ಅಲ್ಲಿ ಗಾಳಿ ಮಳೆ ಹದವಾಗಿರಲಿ ಎಂದು ಮಲಗುವ ಮುಂಚೆ ಇಬ್ಬರೂ ಪ್ರಾರ್ಥನೆ ಮಾಡುತ್ತೇವೆ. ನಿಮ್ಮ ಎರಡು ಪತ್ರ ಬಂದು ಮೇಜಿನ ಮೇಲೆ ಕೂತಿದ್ದರೂ ಉತ್ತರ ಬರೆಯಲಿಲ್ಲ. ಮಳೆ ಎಂದು ನೆಪ ಹೇಳಬಹುದು. ಮಳೆ ಬಂದದ್ದೇನೋ ನಿಜ. ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತು, ಊರ್ಮಿಳಾಳ ಶಾಲೆಯ ಶೂ ಇನ್ನೂ ಒಣಗಿಲ್ಲ. ಆದರೆ ನೀರು ಇಳಿದು ಎಷ್ಟೋ ದಿನವಾಯಿತು. ಪೆನ್ನು ಹಿಡಿದು ಕೂತರೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಕ್ಷಮಿಸಿ.

ನೀವು ಕಳಿಸಿದ ಕ್ರಿಸ್ಮಸ್ ಮರ ತಲುಪಿತು. ರಜೆಯ ಮೇಲೆ ಬಂದ ನಿಮ್ಮ ಹಡಗಿನ ಅಡುಗೆಯವರು ಹಾರ್ಬರಿನಿಂದ ಸೈಕಲ್ ರಿಕ್ಷಾದಲ್ಲಿ ಹೇರಿಕೊಂಡು ತಂದು ಇಳಿಸಿದರು. ಪಾಪ, ಒಂದು ಲೋಟ ಕಾಫಿ ಕುಡಿದು ಹೊರಟೇಹೋದರು. ರಟ್ಟಿನ ಪೆಟ್ಟಿಗೆ ನಮ್ಮ ಊರ್ಮಿಳಾಳಷ್ಟೇ ಉದ್ದವಿದೆ. ಅವಳು ತಡೆಯಲಾರದೆ ಒಂದು ಮೂಲೆ ಹರಿದು, ಒಂದು ಕೊಂಬೆ ಹೊರಗೆಳೆದು ಮೂಸಿ ನೋಡಿದಳು. "ಅಮ್ಮಾ, ಅಪ್ಪಾ ಬ್ಯಾಗ್ ಸ್ಮೆಲ್ ವರುದು," ಎಂದಳು. ನೀವು ಊರಿಗೆ ಬಂದಾಗ ನಿಮ್ಮ ಚೀಲ ಬಿಚ್ಚಿದರೆ ಬರುವ ವಾಸನೆಯಂತೆ! ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಈ ಊರಿನ ಮಾತು. ಬೈದು ಪ್ರಯೋಜನವಿಲ್ಲ.

ಹಬ್ಬ ಹತ್ತಿರ ಬರಲಿ ಎಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಿಸಿದ್ದೇನೆ. ಸುದ್ದಿ ಹೇಗೋ ನಮ್ಮ ಕನ್ನಡ ಸಭೆಯವರಿಗೆಲ್ಲ ಮುಟ್ಟಿದೆ. ಈ ದಿನ ಆರಾಧನೆ ಮುಗಿದ ಮೇಲೆ ಸುಗುಣಕ್ಕ ನನ್ನ ಕೈ ಹಿಡಿದು ನಿಲ್ಲಿಸಿ, "ಪುಣ್ಯವಂತೆ ನೀನು. ಕಸ ಇಲ್ಲ, ಇರುವೆ ಇಲ್ಲ, ಹಬ್ಬ ಮುಗಿದ ಮೇಲೆ ಮಡಚಿ ಇಟ್ಟರಾಯಿತು. ನಮ್ಮನೆಯವರು ಪ್ರತಿ ವರ್ಷ ಒಂದು ಬೋಳು ಗೆಲ್ಲು ತಂದು ನಿಲ್ಲಿಸಿ ಇದೇ ಟ್ರೀ ಅನ್ನುತ್ತಾರೆ," ಎಂದರು. ಕ್ಯಾರಲ್ ಹಾಡುವವರು ಈ ಸಲ ನಮ್ಮ ಮನೆಗೇ ಮೊದಲು ಬರುತ್ತಾರಂತೆ.

ನನಗೋ, ಹಸಿ ಗಾಳಿಮರದ, ಇಲ್ಲಿಯವರು ಸವುಕ್ಕು ಅನ್ನುತ್ತಾರಲ್ಲ, ಅದರ ವಾಸನೆ ಇಲ್ಲದಿದ್ದರೆ ಹಬ್ಬ ಅನ್ನಿಸುವುದಿಲ್ಲ. ಮಂಗಳೂರಿನಲ್ಲಿ ಅಪ್ಪ ಕಡಲ ಕರೆಯಿಂದ ಗೆಲ್ಲು ಹೊತ್ತು ತರುತ್ತಿದ್ದರು, ಮನೆಯೊಳಗೆಲ್ಲ ಉಪ್ಪುಗಾಳಿಯ ವಾಸನೆ. ಎಷ್ಟು ಚಂದದ್ದಾದರೂ ತಂತಿಗೆ ಸುತ್ತಿದ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ ಅಲ್ಲವೇ? ಯಾವುದನ್ನು ಇಡುವುದೋ ಇನ್ನೂ ತೀರ್ಮಾನಿಸಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಜಾನಕಮ್ಮನವರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನಿಮ್ಮ ಕ್ಷೇಮ ಕೇಳಿದರು. ನಮಗೆ ಈ ಹಿಂಬದಿಯ ಮನೆ ಬಾಡಿಗೆಗೆ ಕೊಟ್ಟಾಗ ಅವರ ನೆಂಟರೆಲ್ಲ ಆಕ್ಷೇಪಿಸಿದ್ದರಲ್ಲ, ಕ್ರಿಶ್ಚಿಯನ್ನರಿಗೆ ಯಾಕೆ ಎಂದು? ಈಗ ಅವರೇ ದಿನಾ ಸಂಜೆ ಊರ್ಮಿಳಾಳಿಗೆ ಜಡೆ ಹಾಕಿ ಹೂ ಮುಡಿಸುತ್ತಾರೆ. ಅವರಿಗೆಂದು ಮೊಟ್ಟೆ ಹಾಕದ ಕಲ್‌ಕಲ್ ತಿಂಡಿ ಬೇರೆ ಎಣ್ಣೆಯಲ್ಲಿ ಮಾಡಿಕೊಡಬೇಕು ಎಂದಿದ್ದೇನೆ. ತಿನ್ನುತ್ತಾರೋ ಇಲ್ಲವೋ, ಕೊಟ್ಟರೆ ಬೇಡ ಅನ್ನುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ. ಎಂಜಿನ್ ರೂಮಿನ ಸೆಕೆಯಿಂದ ಮೇಲೆ ಬಂದ ಕೂಡಲೇ ತಣ್ಣೀರು ಕುಡಿಯಬೇಡಿ.

ಇಂತು ನಿಮ್ಮ
ವಿನೋದಾ


ಮದ್ರಾಸು
26 ಡಿಸೆಂಬರ್ 1978

ಪ್ರೀತಿಯ ಯಜಮಾನರಿಗೆ,

ಹಬ್ಬದ ಶುಭಾಶಯಗಳು. ಕಂಪನಿಯವರ ಆಫೀಸಿಗೆ ಈ ದಿನವೇ ಕಾರ್ಡು ಕೊಟ್ಟರೆ ಮುಂದಿನ ಬಂದರಿನಲ್ಲಿ ನಿಮಗೆ ಸಿಗುತ್ತದಂತೆ, ಆದ್ದರಿಂದ ಅವಸರದ ನಾಲ್ಕು ಸಾಲು. ಕ್ರಿಸ್ಮಸ್ ಚೆನ್ನಾಗಿ ನಡೆಯಿತು. ನಿಮ್ಮ ಮರ ಮುಂಗೋಣೆಯಲ್ಲಿ ನಿಂತಿತ್ತು. ಬಂದವರೆಲ್ಲ ಹೊಗಳಿದರು. ಫೋಟೋ ತೆಗೆಯಲು ಆಗಲಿಲ್ಲ. ಊರ್ಮಿಳಾಳೂ ಕೆಳಗೆ ಬರೆದಿದ್ದಾಳೆ.

ನಿಮ್ಮ
ವಿನೋದಾ

ಡಿಯರ್ ಅಪ್ಪಾ, ಹ್ಯಾಪಿ ಕ್ರಿಸ್ಮಸ್. ಕಮ್ ಹೋಮ್ ಸೂನ್. ಊರ್ಮಿಳಾ.


ಮದ್ರಾಸು
14 ಜನವರಿ 1979, ಆದಿತ್ಯವಾರ

ಪ್ರೀತಿಯ ಯಜಮಾನರಿಗೆ,

ವಂದನೆಗಳು. ಈ ದಿನ ಇಲ್ಲಿ ಪೊಂಗಲ್. ಜಾನಕಮ್ಮನವರ ಮನೆಯಿಂದ ತುಪ್ಪದ ಪರಿಮಳ ನಮ್ಮ ಅಡುಗೆಮನೆಯವರೆಗೂ ಬರುತ್ತಿದೆ. ಊರ್ಮಿಳಾ ಅಲ್ಲೇ ಕಬ್ಬು ಸಿಗಿಯುತ್ತ ಕೂತಿದ್ದಾಳೆ. ಅವಳು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ತಡವಾದದ್ದಕ್ಕೆ ಈ ಸಲ ಮಳೆಯ ನೆಪವೂ ಇಲ್ಲ.

ಹಬ್ಬದ ಮರುದಿನ ನಾನು ಕಾರ್ಡಿನಲ್ಲಿ ಬರೆದದ್ದು ಸುಳ್ಳು. ನಿಮ್ಮ ಮರವನ್ನು ನಾವು ಇಡಲೇ ಇಲ್ಲ. ಅದು ಅಟ್ಟದ ಮೇಲೆ, ಊರ್ಮಿಳಾ ಹರಿದ ಮೂಲೆಯೊಂದು ಬಿಟ್ಟರೆ ಬಂದ ಹಾಗೇ ಇತ್ತು. ನಿಮ್ಮ ಮರದ ಬಗ್ಗೆ ಒಂದು ಸಾಲು ಬರೆ ಎಂದು ಮಗಳಿಗೂ ಹೇಳಿದ್ದೆ. ಅವಳು ತಲೆ ತಗ್ಗಿಸಿಕೊಂಡು ತನಗೆ ತೋಚಿದ್ದನ್ನಷ್ಟೇ ಬರೆದು ಪೆನ್ನು ನನ್ನ ಕೈಗೆ ಕೊಟ್ಟಳು. ಒಂಬತ್ತು ವರ್ಷದ ಮಗುವಿಗೆ ಇದ್ದಷ್ಟು ಮರ್ಯಾದೆ ನನಗಿರಲಿಲ್ಲ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಹಬ್ಬದ ವಾರ ನಾನು ಗಾಳಿಮರದ ಗೆಲ್ಲು ಹುಡುಕಿಕೊಂಡು ಹೊರಟೆ. ಚರ್ಚಿನ ಗೇಟಿನ ಹೊರಗೆ ಗುಡ್ಡೆ ಹಾಕಿ ಮಾರುತ್ತಾರಲ್ಲ, ಈ ವರ್ಷ ಅವೆಲ್ಲ ಮಳೆಗೆ ನೆನೆದು ಕೊಳೆತು ಮುಟ್ಟಿದರೆ ಉದುರುತ್ತಿದ್ದವು. ಬರಿಗೈಯಲ್ಲಿ ವಾಪಸು ಬಂದೆ. ಆಗಲಾದರೂ ಅಟ್ಟದಿಂದ ಪೆಟ್ಟಿಗೆ ಇಳಿಸಬಹುದಿತ್ತು. ಊರ್ಮಿಳಾ ಬಾಗಿಲಲ್ಲೇ ಕಾದಿದ್ದಳು, ನನ್ನ ಕೈ ಬರಿದಾಗಿದ್ದು ನೋಡಿ ಅವಳಿಗೆ ಖುಷಿಯಾಯಿತು. "ಅಪ್ಪಾ ಟ್ರೀಯೇ ವೈಕ್ಕಲಾಂ ಮಾ," ಅಪ್ಪನ ಮರವನ್ನೇ ಇಡೋಣ ಎಂದು ಕುಣಿದಳು. ನಾನು ಕೇಳಿಸದವಳ ಹಾಗೆ ಅವಳನ್ನು ದಾಟಿ ಹಿತ್ತಲಿಗೆ ಹೋದೆ.

ಬಾವಿಯ ಪಕ್ಕದ ಗಾಳಿಮರ ನಿಮಗೆ ನೆನಪಿರಬೇಕು. ನೀವು ರಜೆಯಲ್ಲಿ ಬಂದಾಗ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಿರಿ. ಜಾನಕಮ್ಮನವರು ಹಿತ್ತಲ ಮೆಟ್ಟಿಲ ಮೇಲೆ ಕೂತು ದೇವರಿಗೆ ಹೂ ಕಟ್ಟುತ್ತಿದ್ದರು. ನಾನು ಕೇಳಿದೆ:

"ಜಾನಕಮ್ಮ, ಈ ಮರದಿಂದ ಒಂದು ಗೆಲ್ಲು ಕಡಿದುಕೊಳ್ಳಲಾ?"

"ಗೆಲ್ಲು ಅಂದ್ರೆ ಏನೇ? ಕೊಂಬೆನಾ?"

"ಹೌದು. ಹಬ್ಬಕ್ಕೆ ಬೇಕಿತ್ತು."

ಅವರು ಹೂ ಕಟ್ಟುವ ಕೈ ನಿಲ್ಲಿಸಿದರು. ಮರವನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಸವುಕ್ಕು ಕೊಂಬೆ ಒಂದು ಪಕ್ಕಕ್ಕೆ ವಾಲತ್ತೆ ಕಣಮ್ಮಾ, ನೆಟ್ಟಗೆ ನಿಲ್ಲಲ್ಲ. ಮಕ್ಕಳ ಹಬ್ಬ, ಲಕ್ಷಣವಾಗಿರಬೇಡ್ವಾ? ತುದೀನೇ ತಗೋ."

"ಅಯ್ಯೋ, ತುದಿ ತೆಗೆದರೆ ಮರ ಹಾಳಾಗುವುದಿಲ್ಲವಾ?"

"ಪರವಾಯಿಲ್ಲ, ತಗೋ. ನಾಳೆ ತೇಂಗಾಯಿ ಕೀಳೋನು ಬರ್ತಾನೆ, ಅವನ ಹತ್ರ ಹೇಳ್ತೀನಿ."

ನಾನು ಇನ್ನೊಂದು ಸಲ ಬೇಡ ಅನ್ನಲಿಲ್ಲ. ಸಂತೋಷದಿಂದ ಒಳಗೆ ಬಂದುಬಿಟ್ಟೆ. ಮರುದಿನ ತೆಂಗಿನಕಾಯಿ ಕೀಳುವವನು ಕತ್ತಿ ಸಿಕ್ಕಿಸಿಕೊಂಡು ಮರ ಹತ್ತಿದಾಗ ಜಾನಕಮ್ಮ ಹಿತ್ತಲ ಬಾಗಿಲು ಹಾಕಿಕೊಂಡು ಒಳಗೆ ಹೋದರು. ಬಿಸಿಲು ತಡೆಯಲಾರದೆ ಹೋದರು ಎಂದುಕೊಂಡೆ. ತುದಿ ಮುರಿದು ಬಾವಿಕಟ್ಟೆಯ ಮೇಲೆ ಬಿದ್ದಾಗ ಊರ್ಮಿಳಾ ಕಿವಿ ಮುಚ್ಚಿಕೊಂಡಳು. "ಅದು ದಾನ್ ಅಪ್ಪಾ ಟ್ರೀ ಇರುಕ್ಕೇ, ಇದು ಎದುಕ್ಕು?" ಎಂದು ಕೇಳಿದಳು. ಅಪ್ಪನ ಮರ ಇದೆಯಲ್ಲ, ಇದು ಯಾಕೆ? "ಪ್ಲಾಸ್ಟಿಕ್ ಒಂದು ಮರವಾ? ಸುಮ್ಮನಿರು," ಎಂದು ಗದರಿದೆ.

ಮರವೇನೋ ಚಂದ ಬಂತು. ಬಕೆಟ್ಟಿಗೆ ಮರಳು ತುಂಬಿ ನಿಲ್ಲಿಸಿ, ಹತ್ತಿ ಉದುರಿಸಿ, ಬೆಳ್ಳಿ ಕಾಗದದ ನಕ್ಷತ್ರ ಕಟ್ಟಿದೆ. ಕೋಣೆಯೆಲ್ಲ ಅಪ್ಪನ ಮನೆಯ ವಾಸನೆ. ಕ್ಯಾರಲ್ ತಂಡದವರು ಬಂದು ಅದರ ಸುತ್ತ ನಿಂತು ಹಾಡಿದರು. ಸುಗುಣಕ್ಕ ಆಚೀಚೆ ಇಣುಕಿ, "ಎಲ್ಲಿ ಮಾರಾಯ್ತಿ, ಫಾರಿನ್ ಮರ?" ಎಂದು ಎಲ್ಲರೆದುರಿಗೆ ಕೇಳಿದರು. "ಹಡಗಿನಲ್ಲಿ ಬರುವಾಗ ಅದರ ಕಾಲು ಮುರಿದಿದೆ ಅಕ್ಕ, ನಿಲ್ಲುವುದಿಲ್ಲ," ಎಂದೆ. ಊರ್ಮಿಳಾ ಕೇಕಿನ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿ, ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಆ ದಿನ ಅವಳು ಹೊಸ ಫ್ರಾಕು ಹಾಕಿಕೊಳ್ಳಲೂ ಒಪ್ಪಲಿಲ್ಲ.

ಹೊಸ ವರ್ಷ ಕಳೆದು ಮರ ಕೆಂಪಗೆ ಒಣಗಿತು. ಗುಡಿಸುವವಳು ಸೌದೆಗಾಗುತ್ತದೆ ಎಂದು ಎಳೆದುಕೊಂಡು ಹೋದಳು. ಜಾನಕಮ್ಮ ಗೇಟಿನ ಹತ್ತಿರ ನಿಂತು, ಅದು ಓಣಿಯ ತಿರುವು ದಾಟುವ ತನಕ ನೋಡಿದರು.

ವೈಕುಂಠ ಏಕಾದಶಿಯ ದಿನ ಅವರ ಮಗಳು ಜಯಲಕ್ಷ್ಮೀ ಅಡ್ಯಾರಿನಿಂದ ಬಂದರು. ನಾನು ಬಟ್ಟೆ ಹರವುತ್ತಿದ್ದೆ. ಅವರು ಕಾಲು ತೊಳೆಯಲು ಬಾವಿಯ ಹತ್ತಿರ ಬಂದವರು ತಲೆಯೆತ್ತಿ ನೋಡಿ, ಚೆಂಬು ಕೈಬಿಟ್ಟರು.

"ಅಮ್ಮಾ! ಬದರಿ ಮರಕ್ಕೆ ಏನಾಯ್ತು? ಯಾರು ಇದನ್ನ ವೆಟ್ಟಿದ್ದು?"

ಅವರ ಮನೆಯ ಹಜಾರದಲ್ಲಿ ಹಾರ ಹಾಕಿದ ಹುಡುಗನ ಫೋಟೋ ಇದೆಯಲ್ಲ, ಆ ಬದರಿನಾಥ. ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಗ ಸೈಕಲ್ ಹ್ಯಾಂಡಲಿಗೆ ಒಂದು ಸಸಿ ಕಟ್ಟಿಕೊಂಡು ಬಂದು ಬಾವಿಯ ಪಕ್ಕ ನೆಟ್ಟನಂತೆ. ಕೊನೆಯ ವರ್ಷದ ಪರೀಕ್ಷೆಗೆ ಮುಂಚೆ ಕಾಮಾಲೆಯಾಗಿ ಹೋಗಿಬಿಟ್ಟ. ಮಗ ತೀರಿಕೊಂಡ ಸಂಗತಿ ನಮಗೆ ಗೊತ್ತಿತ್ತು. ಮರದ ಸಂಗತಿ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಬಾವಿಯ ನೀರು ಸೇದಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ.

ಜಾನಕಮ್ಮ ಒಳಗಿನಿಂದ, "ಕಿರುಚಬೇಡ ಜಯಾ, ನಾನೇ ಕೊಟ್ಟೆ. ಇವರ ಹಬ್ಬಕ್ಕೆ," ಎಂದರು.

ಜಯಲಕ್ಷ್ಮೀ ನನ್ನ ಕಡೆ ತಿರುಗುವಷ್ಟರಲ್ಲಿ ಊರ್ಮಿಳಾ ಓಡಿಬಂದಳು. ಪಾಪ, ಸಮಾಧಾನ ಮಾಡಲು ಹೊರಟಳೋ ಏನೋ, ನಮ್ಮ ಮನೆಯಲ್ಲಿ ಅಪ್ಪ ಕಳಿಸಿದ ಮರ ಪೆಟ್ಟಿಗೆಯಲ್ಲೇ ಇದೆ ಆಂಟಿ, ಬೇಕಾದರೆ ತಗೊಳ್ಳಿ ಎಂದು ತಮಿಳಿನಲ್ಲಿ ಹೇಳಿಬಿಟ್ಟಳು.

"ಮನೇಲಿ ಒಂದು ಮರ ಇಟ್ಕೊಂಡು ನಮ್ಮ ಬದರಿ ಮರದ ತಲೆ ತೆಗೆದ್ರಾ?" ಜಯಲಕ್ಷ್ಮೀ ಕೂಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದರು. "ಅಮ್ಮ ಬಾಯಿ ಬಿಡಲ್ಲ ಸರಿ, ನಿಮಗಾದ್ರೂ ಒಂದು ಮಾತು ಕೇಳಬೇಕು ಅಂತ ತೋಚಲಿಲ್ವಾ?"

ಒದ್ದೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಅವರು ಒಳಗೆ ಹೋದ ಮೇಲೆ ಜಾನಕಮ್ಮನವರ ಬಾಗಿಲಿಗೆ ಹೋದೆ. ಏಕಾದಶಿ, ಅವರು ಮಡಿಯಲ್ಲಿದ್ದರು. ಕೈ ಹಿಡಿದು ಕ್ಷಮೆ ಕೇಳೋಣವೆಂದರೆ ಮುಟ್ಟುವ ಹಾಗಿಲ್ಲ. ಹೊಸ್ತಿಲ ಈಚೆ ನಿಂತು ಅತ್ತೆ. "ಹೇಳಬಾರದಿತ್ತೇ ಜಾನಕಮ್ಮ? ಒಂದು ಮಾತು ಹೇಳಿದ್ದರೆ ನಾನು ಎಲೆಯನ್ನೂ ಮುಟ್ಟುತ್ತಿರಲಿಲ್ಲ."

"ಹೇಳಿದ್ರೆ ನೀನು ತಗೋತಿರಲಿಲ್ಲ. ಅದಕ್ಕೇ ಹೇಳಲಿಲ್ಲ," ಎಂದರು. ಹಿತ್ತಲ ಕಡೆ ನೋಡಿ, "ಅವನು ನೆಟ್ಟಾಗ ಇಷ್ಟೇ ಇಷ್ಟಿತ್ತು. ಅವನು ಹೋದ ಮೇಲೆ ಅವನ ಎತ್ತರ ದಾಟಿ ಬೆಳೀತು. ಇನ್ನು ಮೇಲೆ ಬೆಳೆಯಲ್ಲ, ಪಕ್ಕಕ್ಕೆ ಹರಡತ್ತೆ. ಹರಡಲಿ ಬಿಡು, ನಮ್ಮ ಬದರೀನೂ ಏನು ಉದ್ದ ಇರಲಿಲ್ಲ," ಎಂದು ನಕ್ಕರು. ಆ ನಗುವಿಗಿಂತ ಅವರ ಮಗಳ ಮಾತೇ ವಾಸಿಯಾಗಿತ್ತು. ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಈಗಲೂ ನೀರು ಸೇದಲು ಹೋದರೆ ತಲೆಯೆತ್ತಲು ಧೈರ್ಯ ಸಾಲದು. ಬಾವಿಯೊಳಗೆ ಬಗ್ಗಿದರೂ ಮೊಂಡು ಮರದ ನೆರಳೇ ಕಾಣುತ್ತದೆ.

ನಿನ್ನೆ ಇಲ್ಲಿ ಭೋಗಿ. ಮನೆಯ ಹಳೆಯ ಚಾಪೆ, ಪೊರಕೆ, ಬೇಡದ್ದನ್ನೆಲ್ಲ ಬೀದಿಯಲ್ಲಿ ಸುಡುತ್ತಾರಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಊರ್ಮಿಳಾ ಹಾಸಿಗೆಯಲ್ಲಿಲ್ಲ. ಸ್ಟೂಲಿನ ಮೇಲೆ ಹತ್ತಿ ಅಟ್ಟದಿಂದ ಪೆಟ್ಟಿಗೆ ಎಳೆದು ಇಳಿಸಿ, ಅದರ ಮೇಲೆ ಕೂತಿದ್ದಾಳೆ. ಕೈಯೆಲ್ಲ ತರಚಿದೆ. ನನ್ನನ್ನು ಕಂಡ ಕೂಡಲೇ ಎರಡೂ ಕೈಯಿಂದ ಪೆಟ್ಟಿಗೆ ಅಪ್ಪಿಕೊಂಡು, "ಅಪ್ಪಾ ಟ್ರೀಯೆ ಎರಿಕ್ಕಾದೇ ಮಾ," ಎಂದಳು. ಅಪ್ಪನ ಮರವನ್ನು ಸುಡಬೇಡಮ್ಮ ಎಂದು!

ನನ್ನ ಮಗಳು ನನ್ನನ್ನು ಅಂಥವಳು ಎಂದುಕೊಂಡಿದ್ದಾಳೆ. ಹಾಗೆ ಎಣಿಸುವಂತೆ ನಡೆದುಕೊಂಡವಳು ನಾನೇ. ನೆಲದ ಮೇಲೆ ಅವಳ ಪಕ್ಕ ಕೂತು ಪೆಟ್ಟಿಗೆ ಬಿಚ್ಚಿದೆ. ಇಬ್ಬರೂ ಸೇರಿ ಮರ ನಿಲ್ಲಿಸಿದೆವು. ಯಾವ ಕೊಂಬೆ ಯಾವ ತೂತಿಗೆ ಎಂದು ತಿಳಿಯದೆ ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ ಆಗಿ, ಬಿಚ್ಚಿ ಮತ್ತೆ ಹಾಕಿದೆವು. ಊರ್ಮಿಳಾ ನಗುತ್ತಿದ್ದಳು. ಜನವರಿ ಅರ್ಧ ಕಳೆದ ಮೇಲೆ ನಮ್ಮ ಮುಂಗೋಣೆಯಲ್ಲಿ ಕ್ರಿಸ್ಮಸ್ ಮರ ನಿಂತಿದೆ. ಹಾಲಿನವನು ಕಣ್ಣರಳಿಸಿ ನೋಡಿ ಹೋದ. ನಿಜ ಹೇಳುತ್ತೇನೆ, ಚಂದದ ಮರ. ಎಷ್ಟು ಅಂಗಡಿ ಸುತ್ತಿ ಆರಿಸಿದಿರೋ. ನಾಳೆ ಸ್ಟುಡಿಯೋದವರನ್ನು ಕರೆದು ಫೋಟೋ ತೆಗೆಸಿ ಕಳಿಸುತ್ತೇನೆ.

ಸುಳ್ಳು ಬರೆದದ್ದಕ್ಕೆ, ನಿಮ್ಮ ಮರವನ್ನು ಮೂಲೆಗೆ ಹಾಕಿದ್ದಕ್ಕೆ ನನ್ನನ್ನು ಕ್ಷಮಿಸಿ. ನೀವು ಬಂದಾಗ ಜಾನಕಮ್ಮನವರ ಹತ್ತಿರ ನೀವೂ ಒಂದು ಮಾತು ಆಡಬೇಕು. ಹಗಲು ನಿಮ್ಮನ್ನು ಬಿಸಿಲು ಸುಡದಿರಲಿ, ಕಡಲು ನಿಮ್ಮನ್ನು ಮೆಲ್ಲಗೆ ಹೊತ್ತು ತರಲಿ. ದೇವರು ಕಾಪಾಡಲಿ.

ನಿಮ್ಮ
ವಿನೋದಾ

ತಾ.ಕ.: ಮರೆತು ಹೋಗಿತ್ತು ಎಂದು ಬರೆಯಲಾರೆ. ಮೇಲೆ ಬರೆಯಲು ಕೈ ಬರಲಿಲ್ಲ, ಅಷ್ಟೇ. ನೀವು ಏಪ್ರಿಲಿನಲ್ಲಿ ಹಡಗು ಹತ್ತಿದ ಮೇಲೆ ನಾನು ಬಸುರಿ ಎಂದು ತಿಳಿಯಿತು. ಮೂರು ತಿಂಗಳು ತುಂಬಲಿ, ಆಮೇಲೆ ಬರೆದು ನಿಮ್ಮನ್ನು ಕುಣಿಸೋಣ ಎಂದು ಕಾದೆ. ಆಗಸ್ಟಿನಲ್ಲಿ ಮಗು ಹೋಯಿತು. ಜ್ವರ ಬಂದು ಮಲಗಿದ್ದೆ ಎಂದು ನಿಮಗೆ ಬರೆದೆನಲ್ಲ, ಆಗ. ನಡುಗಡಲಿನಲ್ಲಿರುವವರಿಗೆ ಇದನ್ನು ಬರೆದು ಏನು ಮಾಡಲಿ ಅನ್ನಿಸಿತು. ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದವರು ಜಾನಕಮ್ಮ. ಊರ್ಮಿಳಾಳಿಗೂ ತಿಳಿಯದ ಹಾಗೆ ನೋಡಿಕೊಂಡರು. ಅದಾದ ಮೇಲೆ ನಿಮ್ಮ ಮರ ಬಂತು, ಅದರೊಂದಿಗೆ ಚೀಟಿ: "ನಾನಿಲ್ಲದ ಕೊರತೆಯನ್ನು ಇದು ತುಂಬಲಿ." ನಿಮಗೆ ಗೊತ್ತೇ ಇಲ್ಲದ ವಿಷಯಕ್ಕೆ ನಿಮ್ಮ ಮೇಲೆ ಸಿಟ್ಟು ಮಾಡಿದೆ. ನಿಮಗೆ ಗೊತ್ತಿಲ್ಲ ಎಂಬುದೇ ಸಿಟ್ಟು. ಹೇಳದವಳು ನಾನೇ ಅಲ್ಲವೇ?

ದ್ವಾದಶಿಯ ಪಾರಣೆ ಮುಗಿಸಿ ಜಾನಕಮ್ಮ ತಾವಾಗಿ ನಮ್ಮ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ಆಸ್ಪತ್ರೆಯಿಂದ ಬಂದ ಮೇಲೆ ನೀನು ಬಾಯಿಬಿಟ್ಟು ಏನಾದ್ರೂ ಬೇಕು ಅಂತ ಕೇಳಿದ್ದು ಅದೇ ಮೊದಲು ಕಣಮ್ಮಾ. ಹೇಗೆ ಇಲ್ಲ ಅನ್ನಲಿ?" ಎಂದರು.

ಗಂಡೋ ಹೆಣ್ಣೋ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ಡಾಕ್ಟರಮ್ಮ ಹೇಳಲು ಬಂದರು, ನಾನೇ ಬೇಡ ಎಂದೆ. ನಿಮಗಿಂತ ಮುಂಚೆ ನಾನೊಬ್ಬಳೇ ಅದನ್ನು ತಿಳಿದುಕೊಳ್ಳಬಾರದು ಅನ್ನಿಸಿತು.